ಮೊದಲ ಸೂಜಿ ಅಯ್ಯನವರಿಗೆ

ಶಿವಮೊಗ್ಗದ ಆಸ್ಪತ್ರೆಯೊಂದರ ಪಡಸಾಲೆಯಲ್ಲಿ ರಕ್ತಪರೀಕ್ಷೆಯ ಫಲಿತಾಂಶಕ್ಕಾಗಿ ಕಾಯುತ್ತ ಕುಳಿತಿದ್ದಾಗ ನಾನು ಪಂಚಾಕ್ಷರಿಯನ್ನು ಜಪಿಸುತ್ತಿದ್ದೆನೆಂದು ನನ್ನ ಧರ್ಮಪತ್ನಿ ಸರ್ವಮಂಗಳೆ ಇಂದಿಗೂ ನಂಬಿದ್ದಾಳೆ. ನನ್ನ ತುಟಿಗಳು ಅಲುಗುತ್ತಿದ್ದುದು ನಿಜ. ಆದರೆ ಆ ಹೊತ್ತಿನಲ್ಲಿ ನನ್ನ ಬಾಯಲ್ಲಿ ಶಿವನಾಮವಿರಲಿಲ್ಲ. ಸೊರಬದ ಒಂದು ಹಿಂಕೋಣೆಯಲ್ಲಿ, ನನ್ನ ನಂತರ ಅದೇ ಸೂಜಿಗೆ ತೋಳು ಚಾಚಿ ಕುಳಿತವರ ಹೆಸರುಗಳನ್ನು ಒಂದೊಂದಾಗಿ ನೆನಪಿಗೆ ತಂದುಕೊಳ್ಳುತ್ತಿದ್ದೆ. ಅನ್ವರ್. ಹಾಲೇಶ. ಹೊಸಬಾಳೆಯ ಕಡೆಯ, ಹೆಸರು ತಿಳಿಯದ ಆ ಸಪೂರ ಮನುಷ್ಯ. ಮತ್ತೆ ಅನ್ವರ್.

ವೈದ್ಯಶಾಸ್ತ್ರ ನಾನು ಓದಿದ ಶಾಸ್ತ್ರವಲ್ಲ. ಯಕೃತ್ತಿನ ರೋಗಲಕ್ಷಣಗಳನ್ನು ವಿವರಿಸುವ ಅಧಿಕಾರವೂ ನನಗಿಲ್ಲ. ಅಂಥದೇ ಒಂದು ಬೆಂಚಿನ ಮೇಲೆ ಅಂಥದೇ ಹೆಸರುಗಳನ್ನು ಎಣಿಸುತ್ತ ಕುಳಿತಿರುವ ಯಾರಾದರೂ ಇದನ್ನು ಓದಿದರೆ, ತಮ್ಮ ಪಕ್ಕದಲ್ಲಿ ಇನ್ನೊಬ್ಬ ಮುದುಕ ಕುಳಿತಿದ್ದಾನೆಂದು ಅವರಿಗೆ ಅನ್ನಿಸಲಿ ಎಂಬಷ್ಟೇ ನನ್ನ ಅಪೇಕ್ಷೆ.

ನಾನು ತೊಗರ್ಸಿಯ ಜಂಗಮ ಮನೆತನದವನು. ಮಠದ ಪಾಠಶಾಲೆಯಲ್ಲಿ ಸಂಸ್ಕೃತವನ್ನೂ ಹಳಗನ್ನಡವನ್ನೂ ಅಭ್ಯಾಸ ಮಾಡಿ, ಶಿಕಾರಿಪುರದ ಪ್ರೌಢಶಾಲೆಯಲ್ಲಿ ಪಂಡಿತನಾಗಿ ದುಡಿದು ನಿವೃತ್ತನಾಗಿ ಅಲ್ಲಿಯೇ ನೆಲೆನಿಂತೆ. ಆಮೇಲೂ ಶ್ರಾವಣಮಾಸದಲ್ಲಿ ಸುತ್ತಲಿನ ಊರುಗಳಿಗೆ ಹೋಗಿ ಪುರಾಣ ಹೇಳುವ ಕಾಯಕ ಉಳಿದಿತ್ತು. ನಮ್ಮ ಕಡೆ ಜಂಗಮರನ್ನು ಅಯ್ಯನವರು ಎನ್ನುತ್ತಾರೆ. ಆಡುಮಾತಿನಲ್ಲಿ ಅದು ಅಯ್ನೋರು. ಅಯ್ಯನವರು ಮನೆಗೆ ಬಂದರೆ ಪಾದ ತೊಳೆದು, ಮೊದಲ ಎಡೆಯನ್ನು ಅವರಿಗೆ ಬಡಿಸುವುದು ಸಂಪ್ರದಾಯ. ಅವರು ಕೈಯಿಟ್ಟ ಮೇಲೆ ಉಳಿದದ್ದು ಪ್ರಸಾದ. ಪ್ರಸಾದಕ್ಕೆ ಎಂಜಲಿಲ್ಲ, ಮೈಲಿಗೆಯಿಲ್ಲ. ಇದನ್ನು ನಾನು ಬಾಲ್ಯದಿಂದ ಕೇಳುತ್ತ ಬಂದೆ, ನೂರಾರು ಜನರೆದುರು ಹೇಳಿದೆ, ಇಂದಿಗೂ ನಂಬುತ್ತೇನೆ.

ತೊಂಬತ್ತರ ದಶಕದ ಆರಂಭದ ವರ್ಷಗಳವು. ಹೊಸಬಾಳೆಯಲ್ಲಿ ಪುರಾಣ ನಡೆಯುತ್ತಿದ್ದ ಒಂದು ಸಂಜೆ, ಮಂಗಳ ಹಾಡಿಸಿ ವೇದಿಕೆಯಿಂದ ಇಳಿಯುವಾಗ ಮೆಟ್ಟಿಲು ತಪ್ಪಿ ಬಿದ್ದೆ. ಸೊಂಟದ ಎಲುಬು ಬಿರುಕು ಬಿಟ್ಟಿತು. ಭಕ್ತರು ನನ್ನನ್ನು ಟೆಂಪೋದಲ್ಲಿ ಮಲಗಿಸಿ ಸೊರಬಕ್ಕೆ ಕರೆತಂದರು. ಅಲ್ಲಿನ ವೈದ್ಯರು ನೋವಿಗೆಂದು ಒಂದು ಇಂಜೆಕ್ಷನ್ ಕೊಟ್ಟರು. ಅದು ನೋವನ್ನು ತೆಗೆದುಹಾಕಿತೆಂದು ಹೇಳಿದರೆ ಪೂರ್ತಿ ನಿಜವಾಗದು. ನೋವು ಅಲ್ಲಿಯೇ ಇತ್ತು. ಅದು ಬೇರೆ ಯಾರದೋ ಸೊಂಟದಲ್ಲಿದೆ ಎಂಬಂತೆ ಭಾಸವಾಯಿತು. ಅಂಥ ನೆಮ್ಮದಿಯನ್ನು ಧ್ಯಾನದಲ್ಲಿಯೂ ನಾನು ಕಂಡಿರಲಿಲ್ಲ.

ವೈದ್ಯರು ಕೆಲವು ದಿನಗಳ ಮಟ್ಟಿಗೆ ಮಾತ್ರ ಎಂದಿದ್ದರು. ಎಲುಬು ದೀಪಾವಳಿಯ ಹೊತ್ತಿಗೆ ಕೂಡಿಕೊಂಡಿತು. ಸೂಜಿ ನಿಲ್ಲಲಿಲ್ಲ. ಒಂದು ದಿನ ತಪ್ಪಿದರೆ ಆಕಳಿಕೆಯ ಮೇಲೆ ಆಕಳಿಕೆ, ಮೂಗಿನಲ್ಲಿ ನೀರು, ಮೈಯೆಲ್ಲ ಮುಳ್ಳು. ಕಾಲುಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಹಾಸಿಗೆಯ ಮೇಲೆ ಒದ್ದಾಡುತ್ತಿದ್ದೆ. ಸೊರಬದ ಬಸ್ ನಿಲ್ದಾಣದ ಹತ್ತಿರ ಬಸಣ್ಣನೆಂಬವನಿದ್ದ. ಹಿಂದೆ ಡಾಕ್ಟರೊಬ್ಬರ ಬಳಿ ಕಾಂಪೌಂಡರ್ ಆಗಿದ್ದವನು. ಅವರು ತೀರಿಕೊಂಡ ಮೇಲೆ ತನ್ನ ಮನೆಯ ಹಿಂಕೋಣೆಯಲ್ಲಿ ಬೇಕಾದವರಿಗೆ ಅದೇ ಮದ್ದಿನ ಸೂಜಿ ಹಾಕುತ್ತಿದ್ದ. ವಚನಪಾಠ ಹೇಳಲು ಹೋಗುತ್ತೇನೆಂದು ಮನೆಯಲ್ಲಿ ತಿಳಿಸಿ, ನಾನು ಶಿರಾಳಕೊಪ್ಪದ ಮೇಲೆ ಹಾಯುವ ಬಸ್ಸು ಹಿಡಿದು ಅವನಲ್ಲಿಗೆ ಹೋಗುತ್ತಿದ್ದೆ. ಶಿಕಾರಿಪುರದಲ್ಲಾದರೆ ಬೀದಿಗೊಬ್ಬ ಶಿಷ್ಯ ಎದುರಾಗುತ್ತಿದ್ದ.

ಆ ಕೋಣೆಯಲ್ಲಿ ಒಂದು ಬೆಂಚು, ಒಂದು ಸೀಮೆಎಣ್ಣೆ ಸ್ಟೋವು, ಅದರ ಮೇಲೆ ನೀರಿನ ಪಾತ್ರೆ, ನೀರಿನಲ್ಲಿ ಒಂದೇ ಒಂದು ಗಾಜಿನ ಸಿರಿಂಜು. ಕಾಯುತ್ತ ಕೂರುವವರಲ್ಲಿ ಇಬ್ಬರು ನನಗೆ ಆಪ್ತರಾದರು. ಅನ್ವರ್ ತಾಮ್ರ ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕುವವನು. ಊರೂರು ಅಲೆದು, ಬಗ್ಗಿ ಕುಳಿತು ತಿದಿ ಒತ್ತಿ ಅವನ ಬೆನ್ನು ಕೆಟ್ಟಿತ್ತು. ಹಾಲೇಶ ಲಾರಿ ಡ್ರೈವರ್. ಇಬ್ಬರೂ ನನ್ನ ಮಗನಿಗಿಂತ ಕಿರಿಯರು. ನನ್ನನ್ನು ಕಂಡೊಡನೆ ಬಸಣ್ಣ ಎದ್ದು ನಿಲ್ಲುತ್ತಿದ್ದ.

"ಅಯ್ನೋರು ಬಂದ್ರು. ಜಾಗ ಬಿಡ್ರೋ."

ಅವನು ನನ್ನ ಪಾದ ಮುಟ್ಟಿ ನಮಸ್ಕರಿಸಿ ಆಮೇಲೆ ತೋಳಿಗೆ ರಬ್ಬರು ಕಟ್ಟುತ್ತಿದ್ದ. ನನ್ನನ್ನು ಕಾಯಿಸುವುದು ಅವನ ಭಕ್ತಿಗೆ ಒಗ್ಗದ ಮಾತು. ಹಾಗಾಗಿ ನೀರು ಬೆಚ್ಚಗಾಗುವಷ್ಟರಲ್ಲೇ ಸಿರಿಂಜು ಹೊರಗೆ ಬರುತ್ತಿತ್ತು. ನನಗೆ ಹಾಕಿ ಮುಗಿದ ಮೇಲೆ ಅದು ಮತ್ತೆ ನೀರಿಗೆ ಹೋಗುತ್ತಲೇ ಇರಲಿಲ್ಲ. ಅನ್ವರ್ ಇದನ್ನು ಗಮನಿಸಿ ಒಮ್ಮೆ ಕೇಳಿದ:

"ಬಸಣ್ಣ, ನಂಗೆ ಬಿಸಿನೀರಿನ ಯೋಗ ಇಲ್ಲೇನೋ?"

"ಏ, ಅಯ್ನೋರಿಗೆ ಹಾಕಿದ್ದು ಕಣೋ ಅದು. ಪ್ರಸಾದ ಇದ್ದಂಗೆ. ಅದನ್ನ ಕುದ್ಸಿ ಪಾಪ ಕಟ್ಕೊಳ್ಲಾ?"

"ನಾ ಸಾಬ್ರೋನು ಮಾರಾಯ. ನಿಮ್ ಪ್ರಸಾದ ನನ್ ಮೈಗೆ ಹತ್ತುತ್ತೋ ಇಲ್ವೋ."

"ಹತ್ತುತ್ತೆ ಸುಮ್ನಿರು. ಮೈಗೇ ಹಾಕ್ತಿದೀನಲ್ಲ!"

ಕೋಣೆಯೆಲ್ಲ ನಕ್ಕಿತು. ನಾನೂ ನಕ್ಕೆ. ಆ ಮಾತಿನಲ್ಲಿದ್ದ ಗೌರವ ನನಗೆ ಹಿತವಾಗಿತ್ತು. ಅಂಥ ಕೋಣೆಯಲ್ಲಿ ಕುಳಿತಿದ್ದರೂ ನನ್ನ ಜಂಗಮತ್ವಕ್ಕೆ ಕುಂದಾಗಿಲ್ಲವೆಂದು ಅದರಿಂದ ಧೈರ್ಯ ತಂದುಕೊಂಡೆ.

ಮರುವರ್ಷ ಹಾಲೇಶನ ಕಣ್ಣುಗಳು ಹಳದಿಯಾದವು. ಕಾಮಾಲೆ ಎಂದರು. ಹಳ್ಳಿಯೊಂದಕ್ಕೆ ಹೋಗಿ, ಸೊಪ್ಪಿನ ರಸವನ್ನು ಹಾಲಿನಲ್ಲಿ ಕುಡಿದು, ಉಪ್ಪಿಲ್ಲದ ಪಥ್ಯ ಮಾಡಿ ಗುಣವಾಗಿ ಬಂದ. ಬೆನ್ನಿಗೇ ಅನ್ವರನಿಗಾಯಿತು, ಅವನೂ ಅಲ್ಲಿಗೇ ಹೋದ. ಕೆಲವು ತಿಂಗಳು ಕಳೆದು ನನ್ನ ಸರದಿ. ನೀರಿನ ದೋಷವಿರಬೇಕು ಎಂದು ಎಲ್ಲರೂ ಮಾತಾಡಿಕೊಂಡೆವು. ಸರ್ವಮಂಗಳೆ ನನಗೂ ಅದೇ ಸೊಪ್ಪಿನ ರಸ ಕುಡಿಸಿದಳು. ಕಣ್ಣಿನ ಹಳದಿ ಇಳಿಯಿತು. ತೊಗರ್ಸಿಗೆ ಹೋಗಿ ಮಲ್ಲಿಕಾರ್ಜುನನಿಗೆ ರುದ್ರಾಭಿಷೇಕ ಮಾಡಿಸಿ, ರೋಗ ಹೋಯಿತೆಂದು ಕೈಮುಗಿದು ಬಂದೆವು. ಹೋದದ್ದು ಬಣ್ಣ ಮಾತ್ರ ಎಂಬುದು ನಮಗೆ ಯಾರಿಗೂ ತಿಳಿಯಲಿಲ್ಲ.

ಅನಂತರದ ವರ್ಷಗಳಲ್ಲಿ ಆಯಾಸ ಬಂದು ಮೈಯೊಳಗೆ ಮನೆ ಮಾಡಿತು. ಪುರಾಣದ ಮಧ್ಯೆ ಮಾತು ನಿಲ್ಲಿಸಿ ಉಸಿರು ಎಳೆದುಕೊಳ್ಳಬೇಕಾಗುತ್ತಿತ್ತು. ಊಟದ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು. ಕಾಲು ಊದಿಕೊಂಡಾಗ ಸರ್ವಮಂಗಳೆ ನನ್ನ ಮಾತು ಕೇಳದೆ ಶಿವಮೊಗ್ಗಕ್ಕೆ ಹೊರಡಿಸಿದಳು. ಅಲ್ಲಿನ ವೈದ್ಯೆ ಮಧ್ಯವಯಸ್ಸಿನ ಹೆಣ್ಣುಮಗಳು. ಹೊಟ್ಟೆ ಒತ್ತಿ ನೋಡಿದರು, ಅಂಗೈಗಳನ್ನು ತಿರುಗಿಸಿ ನೋಡಿದರು, ಆಮೇಲೆ ಪ್ರಶ್ನೆ ಕೇಳತೊಡಗಿದರು.

"ಕುಡಿಯೋ ಅಭ್ಯಾಸ ಇದೆಯಾ?"

"ಶಿವ ಶಿವಾ."

"ಯಾವಾಗಾದ್ರೂ ರಕ್ತ ಏರಿಸಿದ್ರಾ? ಆಪರೇಷನ್ ಏನಾದ್ರೂ?"

"ಇಲ್ಲ ತಾಯಿ."

"ಇಂಜೆಕ್ಷನ್? ಆಸ್ಪತ್ರೆ ಬಿಟ್ಟು ಹೊರಗೆ ಎಲ್ಲಾದ್ರೂ?"

ನಾನು ಗೋಡೆಯ ಮೇಲಿನ ಕ್ಯಾಲೆಂಡರನ್ನು ನೋಡಿದೆ. ಹಿಂದಿನಿಂದ ಸರ್ವಮಂಗಳೆಯ ದನಿ ಬಂತು.

"ಹಾಕಿಸ್ಕೊಂತಾರ್ರೀ. ಸೊರಬಕ್ಕೆ ಹೋಗಿ ಹಾಕಿಸ್ಕೊಂತಾರೆ. ಎಷ್ಟೋ ವರ್ಷಾತು. ನಂಗೊತ್ತಿಲ್ಲ ಅಂದ್ಕೊಂಡಾರೆ."

ನಾನು ತಿರುಗಿ ನೋಡಲಿಲ್ಲ. ನೋಡುವ ಧೈರ್ಯವಿರಲಿಲ್ಲ. ಅವಳೇ ಮುಂದುವರಿಸಿದಳು: "ಅಂಗಿ ತೋಳಿಗೆ ರಕ್ತದ ಚುಕ್ಕಿ ಇರ್ತಿತ್ತು. ವಚನಪಾಠ ಹೇಳಿದ್ರೆ ರಕ್ತ ಬರ್ತದೇನ್ರಿ?"

ವೈದ್ಯೆ ನಗಲಿಲ್ಲ, ನನ್ನನ್ನು ಗದರಿಸಲೂ ಇಲ್ಲ. ಒಂದೇ ಸೂಜಿಯನ್ನು ಹಲವರಿಗೆ ಹಾಕುತ್ತಿದ್ದರೇ ಎಂದು ಮಾತ್ರ ಕೇಳಿದರು. ಹೌದೆಂದೆ. ಹೊಸದಾಗಿ ಗೊತ್ತಾಗಿರುವ ಒಂದು ಬಗೆಯ ಕಾಮಾಲೆ ಇದೆ, ಹೆಪಟೈಟಿಸ್ ಸಿ ಎನ್ನುತ್ತಾರೆ, ರಕ್ತದಿಂದ ರಕ್ತಕ್ಕೆ ಹೋಗುತ್ತದೆ, ವರ್ಷಗಟ್ಟಲೆ ಸದ್ದಿಲ್ಲದೆ ಕೂತಿರುತ್ತದೆ ಎಂದರು. ರಕ್ತವನ್ನು ದೊಡ್ಡ ಊರಿನ ಪ್ರಯೋಗಾಲಯಕ್ಕೆ ಕಳಿಸಬೇಕು; ಉತ್ತರ ಬರಲು ದಿನಗಳು ಬೇಕು.

ಆ ದಿನಗಳ ಭಯವನ್ನು ಹೇಗೆ ಬರೆಯಲಿ? ಮೃತ್ಯುವಿನ ವಿಷಯವಾಗಿ ನಾನು ಎಷ್ಟೋ ಪ್ರವಚನ ಮಾಡಿದ್ದೆ; ಕೇಳುವವರ ಕಣ್ಣಲ್ಲಿ ನೀರು ತರಿಸಿದ್ದೆ. ಅದರಲ್ಲಿ ಒಂದು ವಾಕ್ಯವೂ ನನ್ನ ನೆರವಿಗೆ ಬರಲಿಲ್ಲ. ಬೆಳಗಿನ ಪೂಜೆಗೆ ಕುಳಿತರೆ, ಇಷ್ಟಲಿಂಗವನ್ನು ಹಿಡಿದ ಎಡಗೈಯ ಮೇಲೆಯೇ ಕಣ್ಣು ನಿಲ್ಲುತ್ತಿತ್ತು. ಸೂಜಿ ಚುಚ್ಚಿಸಿಕೊಳ್ಳುತ್ತಿದ್ದುದೂ ಆ ತೋಳಿಗೇ. ಕನ್ನಡಿಯ ಮುಂದೆ ನಿಂತು ಕೆಳರೆಪ್ಪೆ ಎಳೆದು ಕಣ್ಣಿನ ಬಿಳಿಯನ್ನು ಪರೀಕ್ಷಿಸುವುದು ಒಂದು ವ್ರತವೇ ಆಯಿತು. ಬಿಳಿಯಾಗಿಯೇ ಇರುತ್ತಿತ್ತು, ಆದರೂ ಮತ್ತೆ ಹೋಗಿ ನೋಡುತ್ತಿದ್ದೆ.

ಫಲಿತಾಂಶ ಬಂದ ದಿನ ಪಡಸಾಲೆಯಲ್ಲಿ ಹೆಸರುಗಳನ್ನು ಎಣಿಸುತ್ತ ಕುಳಿತದ್ದನ್ನು ಮೊದಲೇ ಹೇಳಿದೆ. ಒಳಗೆ ಕರೆದರು. ರೋಗವಿದೆ ಎಂದರು. ಯಕೃತ್ತು ಕೆಟ್ಟಿದೆ, ಆದರೆ ಪೂರ್ತಿ ಕೈಬಿಟ್ಟಿಲ್ಲ. ಹೊಸ ಚಿಕಿತ್ಸೆಯೊಂದು ದೊಡ್ಡ ನಗರಗಳಲ್ಲಿದೆ. ಅದು ಕಠಿಣ, ಗುಣವಾಗುವ ಭರವಸೆಯೂ ಕಡಿಮೆ, ನನ್ನ ವಯಸ್ಸಿಗೆ ಹಿತವಲ್ಲ. ಆ ಸೂಜಿಯನ್ನು ಬಿಟ್ಟು, ಮೈಯನ್ನು ಜೋಪಾನ ಮಾಡಿ, ಆಗಾಗ ಬಂದು ತೋರಿಸಿಕೊಂಡು ಬದುಕಬೇಕು.

"ನನಗೆ ಯಾರಿಂದ ಬಂತು ತಾಯಿ?" ಎಂದು ಕೇಳಿದೆ.

"ಯಾರಿಂದ ಬಂತು, ನಿಮ್ಮಿಂದ ಯಾರಿಗೆ ಹೋಯ್ತು ಅಂತ ಹೇಳೋಕೆ ಆಗೋದಿಲ್ಲ. ಆ ಕೋಣೇಲಿ ಕೂತಿದ್ದೋರೆಲ್ಲ ಪರೀಕ್ಷೆ ಮಾಡಿಸ್ಬೇಕು ಅನ್ನೋದು ಮಾತ್ರ ಹೇಳಬಲ್ಲೆ. ನಾನು ಕರೆದ್ರೆ ಅವರು ಬರೋಲ್ಲ. ನೀವು ಹೇಳ್ತೀರಾ?"

ನಾನು ಫಲಿತಾಂಶದ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡೆ. ಹೇಳುವುದೆಂದರೆ, ಆ ಕೋಣೆಯ ಮಾತು ಹೊರಗೆ ಬರುವುದು. ಶ್ರಾವಣದಲ್ಲಿ ನನ್ನನ್ನು ಕರೆಯುವ ಊರುಗಳಿಗೆಲ್ಲ ಅದು ನನಗಿಂತ ಮೊದಲು ತಲುಪುವುದು.

ಸೂಜಿ ಬಿಟ್ಟ ದಿನಗಳನ್ನು ಬಹಳ ವಿವರಿಸಲಾರೆ. ವೈದ್ಯೆ ಮಾತ್ರೆಗಳನ್ನು ಕೊಟ್ಟಿದ್ದರು; ಅವು ಕಷ್ಟವನ್ನು ತಗ್ಗಿಸಿದವು, ಕಳೆಯಲಿಲ್ಲ. ಸರ್ವಮಂಗಳೆ ನನ್ನ ಕಾಲುಗಳನ್ನು ತನ್ನ ತೊಡೆಯ ಮೇಲೆ ಇರಿಸಿಕೊಂಡು ಒತ್ತುತ್ತ ಕೂರುತ್ತಿದ್ದಳು. ಒಂದು ಮಾತು ಮಾತ್ರ ಕೇಳಿದಳು: "ನಂಗ್ಯಾಕೆ ಹೇಳ್ಲಿಲ್ರಿ?" ಆಮೇಲೆ ಮತ್ತೆಂದೂ ಕೇಳಲಿಲ್ಲ.

ಸೊಸೆ ನನಗೆ ಬೇರೆ ತಟ್ಟೆ, ಬೇರೆ ಲೋಟ ಇಟ್ಟಳು. ಅವಳನ್ನು ದೂಷಿಸಲಾರೆ, ಚಿಕ್ಕ ಮಕ್ಕಳ ತಾಯಿ, ಹೆದರಿದ್ದಳು. ಊಟದಿಂದ, ಮುಟ್ಟುವುದರಿಂದ ಇದು ಹರಡುವುದಿಲ್ಲವೆಂದು ವೈದ್ಯೆ ಹೇಳಿದ್ದರೂ ಹೆದರಿಕೆ ಅಂಥ ಮಾತನ್ನು ಕೇಳಿಸಿಕೊಳ್ಳುವುದಿಲ್ಲ. ಪೂಜೆಯ ಅನಂತರ ನಾನು ಮೊಮ್ಮಕ್ಕಳ ಕೈಗೆ ಸಕ್ಕರೆ ಕೊಡಲು ಹೋದಾಗ ಅವಳು ಅವರನ್ನು ಹಿಂದಕ್ಕೆ ಕರೆದುಕೊಂಡಳು. ಸರ್ವಮಂಗಳೆ ಅಡುಗೆಮನೆಯಿಂದ ಬಂದು, ನಾನು ಅರ್ಧ ತಿಂದು ಇಟ್ಟಿದ್ದ ಬಾಳೆಹಣ್ಣನ್ನು ಎತ್ತಿಕೊಂಡು, ಸೊಸೆಯ ಎದುರಿಗೇ ನಿಂತು ಪೂರ್ತಿ ತಿಂದಳು. ಯಾರನ್ನೂ ಬಯ್ಯಲಿಲ್ಲ. ಸಿಪ್ಪೆಯನ್ನು ಹೊರಗೆ ಹಾಕಿ ಕೈ ತೊಳೆಯಲು ಹೋದಳು. ಆ ದಿನ ನನಗೆ ಹಸಿವಾಯಿತು.

ಹೀಗೆ ವಾರಗಳು ಸರಿದವು. ನಾನು ಸೊರಬಕ್ಕೆ ಹೋಗಲಿಲ್ಲ. ಸ್ವಲ್ಪ ಬಲ ಬರಲಿ, ಆಮೇಲೆ ಹೇಳೋಣ ಎಂದು ಮನಸ್ಸಿಗೆ ನೆಪ ಕೊಡುತ್ತಿದ್ದೆ. ಒಂದು ಮಧ್ಯಾಹ್ನ ಬೀದಿಯಲ್ಲಿ "ಕಲಾಯೀ" ಎಂಬ ಕೂಗು ಕೇಳಿತು. ಅನ್ವರನ ದನಿ. ಅವನೇ ನಾನು ಕುಳಿತಿದ್ದ ಮನೆಮುಂದಿನ ಕಟ್ಟೆಯ ಬಳಿ ಬಂದು ನಿಂತ.

"ಏನ್ ಅಯ್ನೋರೆ, ಪತ್ತೇನೇ ಇಲ್ಲ? ಬಸಣ್ಣ ದಿನಾ ಕೇಳ್ತಾನೆ. ಮೊದಲ್ನೇ ಬೋಣಿ ಇಲ್ದೆ ಕೈ ಓಡ್ತಿಲ್ವಂತೆ."

"ಮೈಗೆ ಸರಿಯಿಲ್ಲ ಅನ್ವರ್."

"ನಿಮ್ಗೆ ಏನಾಗುತ್ತೆ ಬಿಡ್ರಿ. ನೂರು ವರ್ಷ. ನಮ್ ಮನೇಲಿ ನೋಡ್ರಿ ಕಷ್ಟ. ತಂಗಿಗೆ ಹೊಟ್ಟೆ ಆಪರೇಷನ್ನು, ಬರೋ ಸೋಮವಾರ, ಶಿವಮೊಗ್ಗದಾಗೆ. ರಕ್ತ ಕೊಡಾಕೆ ಜನ ಬೇಕು ಅಂದ್ರು. ನಂದೂ ಅವಳ್ದೂ ಒಂದೇ ಗ್ರೂಪು. ನಾನೇ ಕೊಡ್ತೀನಿ ಅಂದೆ. ಅಣ್ಣ ಆಗಿ ಅಷ್ಟೂ ಮಾಡ್ಲಿಲ್ಲ ಅಂದ್ರೆ ಹೆಂಗೆ?"

ಸೊಸೆ ಬಾಗಿಲಲ್ಲಿ ನಿಂತಿದ್ದಳು. ಎದುರುಮನೆಯ ಹೆಂಗಸರು ಪಾತ್ರೆ ಹಿಡಿದು ಬರುತ್ತಿದ್ದರು. ನಾನು ಅವರಿಗೆ ಕಟ್ಟೆಯ ಮೇಲೆ ಜಾಗ ಬಿಟ್ಟು ಸರಿದು ಕುಳಿತೆ. ಅನ್ವರ್ ಹೊಗೆಯ ಮುಂದೆ ಕುಳಿತು ಅವರ ಪಾತ್ರೆಗಳಿಗೆ ಕಲಾಯಿ ಹಾಕಿ, ನಗಾಡಿ, ನನಗೆ ಕೈಯೆತ್ತಿ ಹೊರಟುಹೋದ. ನಾನು ಕಟ್ಟೆಯ ಮೇಲೆ ಕುಳಿತೇ ಇದ್ದೆ. ಅಲ್ಲಿಯವರೆಗೆ ನನ್ನ ಭಯ ಹೆಚ್ಚಾಗಿ ನನ್ನ ಸಾವಿನ ಭಯವಾಗಿತ್ತು. ನಾನು ಎಂದೂ ನೋಡದ ಒಬ್ಬ ಹೆಣ್ಣುಮಗಳು, ಸೋಮವಾರ, ಮಂಚದ ಮೇಲೆ ಮಲಗಿ ಅಣ್ಣನ ರಕ್ತವನ್ನು ಮೈಗೆ ತುಂಬಿಸಿಕೊಳ್ಳುವ ದೃಶ್ಯ ಕಣ್ಣ ಮುಂದೆ ಬಂದಾಗ ಹುಟ್ಟಿದ ಭಯವೇ ಬೇರೆ. ಅದರಲ್ಲಿ ನನಗೆ ಅಡಗಿಕೊಳ್ಳಲು ಸ್ಥಳವಿರಲಿಲ್ಲ.

ಮಾರನೆಯ ಬೆಳಿಗ್ಗೆ ಪೂಜೆ ಮುಗಿಸಿ ಸೊರಬದ ಬಸ್ಸು ಹತ್ತಿದೆ. ಸರ್ವಮಂಗಳೆಗೆ ಎಲ್ಲಿಗೆಂದು ಹೇಳಿಯೇ ಹೊರಟೆ. ಅವಳು ಒಗೆದ ಶಲ್ಯ ತಂದುಕೊಟ್ಟಳು.

ಕೋಣೆಯಲ್ಲಿ ಅನ್ವರನೂ ಹಾಲೇಶನೂ ಇದ್ದರು. ಬಸಣ್ಣನ ಮುಖ ಅರಳಿತು. "ಬರ್ರಿ ಬರ್ರಿ," ಎನ್ನುತ್ತ ಸಿರಿಂಜನ್ನು ನೀರಿನಿಂದ ತೆಗೆಯಲು ಹೋದ. ನಾನು ಕೂರಲಿಲ್ಲ. ನಿಂತುಕೊಂಡೇ ಹೇಳಿದೆ: ನನ್ನ ರಕ್ತದಲ್ಲಿ ರೋಗವಿದೆ, ಶಿವಮೊಗ್ಗದಲ್ಲಿ ಪರೀಕ್ಷೆಯಾಗಿದೆ, ಈ ಸೂಜಿಯಿಂದಲೇ ಬಂದಿರಬೇಕು, ಇಲ್ಲಿ ಕೂತವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಬಸಣ್ಣ ನಕ್ಕುಬಿಟ್ಟ. "ನಿಮ್ಗಾ? ಅಯ್ನೋರಿಗೆ ರೋಗ ಎಲ್ಲಿಂದ ಬರ್ಬೇಕು? ಯಾರೋ ತಲೆ ತಿಂದಾರೆ ನಿಮ್ದು."

ಹಾಲೇಶ ಬೆಂಚಿನ ಮೇಲೆ ಕಾಲು ಚಾಚಿ ಕುಳಿತಿದ್ದ. "ಕಾಮಾಲೆ ಬಂತು, ಸೊಪ್ಪು ಕುಡ್ದೆ, ಹೋತು. ಈಗ ಕಲ್ಲು ತಿಂದ್ರೂ ಅರಗುತ್ತೆ ನಂಗೆ. ಮತ್ತೆ ನಿಮ್ ನಂತ್ರ ಹಾಕ್ಕೊಂಡೋರು ನಾವು. ನಮ್ಗೇನಾದ್ರೂ ಆದ್ರೆ ದೇವ್ರೇ ಸುಳ್ಳು ಅಂದಂಗಾಗುತ್ತೆ."

ಆಗ ನನಗೆ ನಿಜವಾದ ಅಪಾಯ ಎಲ್ಲಿದೆಯೆಂದು ತಿಳಿಯಿತು. ಅವರು ವೈದ್ಯರನ್ನು ನಂಬದಿರುವುದಕ್ಕೆ ನಾನೇ ಕಾರಣ. ನನ್ನ ಮೇಲಿನ ಭಕ್ತಿ ಅವರನ್ನು ಬಾಗಿಲು ಮುಚ್ಚಿ ಕೂರಿಸಿತ್ತು, ಆ ಬಾಗಿಲನ್ನು ಹೊರಗಿನವರು ಯಾರೂ ತೆಗೆಯಲಾರರು.

"ಬಸಣ್ಣ, ಕೇಳು," ಎಂದೆ. "ನಿನಗೆ ಇದನ್ನು ಪುರಾಣ ಹೇಳುವ ಮೇಷ್ಟ್ರಾಗಿ ಹೇಳುತ್ತಿಲ್ಲ, ಜಂಗಮನಾಗಿ ಹೇಳುತ್ತಿದ್ದೇನೆ. ಲಿಂಗಕ್ಕೆ ತೋರಿಸಿ, ಕೈಯಾರೆ ಕೊಟ್ಟದ್ದು ಪ್ರಸಾದ. ನಾನು ಈ ಸೂಜಿಯನ್ನು ಲಿಂಗಕ್ಕೆ ತೋರಿಸಲಿಲ್ಲ, ಯಾರಿಗೂ ಕೊಡಲಿಲ್ಲ. ಇದರ ಮೊನೆಯಲ್ಲಿ ಉಳಿದದ್ದು ರಕ್ತ. ರಕ್ತ ಪ್ರಸಾದವಲ್ಲ. ಅಯ್ಯನವರದ್ದಾದರೂ ಅಲ್ಲ."

ಬಸಣ್ಣ ಸಿರಿಂಜನ್ನು ಹಿಡಿದುಕೊಂಡೇ ನಿಂತ. ಅವನ ಮುಖದ ಬಣ್ಣ ಬದಲಾಯಿತು. ಕೈಯಲ್ಲಿದ್ದುದನ್ನೇ ನೋಡುತ್ತ, "ನಾನೂ ಇದ್ರಲ್ಲೇ ಹಾಕ್ಕೊಂತೀನಿ, ಅಯ್ನೋರೆ," ಎಂದ. ಅದು ನನಗೆ ಗೊತ್ತಿರಲಿಲ್ಲ.

ನಾನು ಅನ್ವರನ ಕಡೆ ತಿರುಗಿದೆ. "ಸೋಮವಾರ ರಕ್ತ ಕೊಡಬೇಡ. ಪರೀಕ್ಷೆಯಾಗುವವರೆಗೆ ಬೇಡ."

ಅವನು ಎದ್ದ. ಅವನು ಸಿಟ್ಟಾದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. "ನಿನ್ನೆ ನಿಮ್ ಮನೆ ಮುಂದೇ ಕೂತಿದ್ನಲ್ರೀ. ತಂಗಿ ವಿಷ್ಯ ನಾನೇ ಹೇಳ್ದೆ. ಕೇಳ್ಕೊಂಡು ಸುಮ್ನೆ ಕೂತಿದ್ರಿ. ಜನ ನೋಡ್ತಾರೆ ಅಂತಾನಾ? ನಾನೇನು ಪಾತ್ರೇನಾ, ಒಳಗೆ ಕಿಲುಬಿದ್ರೂ ಮೇಲೆ ಹೊಳೀತಾ ಇದ್ರೆ ಸಾಕು ಅನ್ನೋಕೆ?"

ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಅವನು ಆಸ್ಪತ್ರೆಗೆ ಹೋಗುವನೇ, ಅಥವಾ ಹಟಕ್ಕೆ ಬಿದ್ದು ರಕ್ತ ಕೊಟ್ಟೇಬಿಡುವನೇ? ಶಿಕಾರಿಪುರಕ್ಕೆ ಮರಳುವ ದಾರಿಯುದ್ದಕ್ಕೂ ಬಸ್ಸಿನ ಸರಳು ಹಿಡಿದು ಸೋಮವಾರಕ್ಕೆ ಉಳಿದ ದಿನಗಳನ್ನು ಎಣಿಸುತ್ತಿದ್ದೆ.

ಭಾನುವಾರ ಬೆಳಿಗ್ಗೆ ಅವನು ನಮ್ಮ ಬಾಗಿಲಿಗೆ ಬಂದ. ಗಡ್ಡ ಕೆರೆದುಕೊಳ್ಳುತ್ತ, ನನ್ನ ಮುಖ ನೋಡದೆ ಹೇಳಿದ: "ನೀವೂ ಬರ್ಬೇಕು. ಒಬ್ನೇ ಹೋಗಂಗಿಲ್ಲ ನಾನು. ಹೆದ್ರಿಕೆ ಆಗ್ತೈತೆ."

"ನನಗೂ ಆಗುತ್ತದೆ," ಎಂದೆ.

"ಮತ್ತೆ ಸರಿ ಹೋತು. ಜೋಡಿ ಆತು."

ಸರ್ವಮಂಗಳೆ ಅವನನ್ನು ಒಳಗೆ ಕರೆದು ಉಪ್ಪಿಟ್ಟು ಕೊಟ್ಟಳು. ತಟ್ಟೆ ಖಾಲಿಯಾಗುವ ಮೊದಲೇ ಮತ್ತಷ್ಟು ಬಡಿಸಿದಳು. ಆ ಮಧ್ಯಾಹ್ನವೇ ಶಿವಮೊಗ್ಗಕ್ಕೆ ಹೋದೆವು. ರಜೆಯ ದಿನವಾದರೂ ಆ ವೈದ್ಯೆ ಮನೆಯಿಂದ ಬಂದು, ಅವನ ತಂಗಿಯನ್ನು ನೋಡುತ್ತಿದ್ದ ವೈದ್ಯರಿಗೆ ಫೋನು ಮಾಡಿ ಮಾತಾಡಿದರು. ಯಾವ ಕಾರಣವನ್ನೂ ಮನೆಯವರಿಗೆ ತಿಳಿಸದೆ ಬೇರೊಬ್ಬ ನೆಂಟನಿಂದ ರಕ್ತ ಕೊಡಿಸುವ ಏರ್ಪಾಡಾಯಿತು. ಆಮೇಲೆ ಅವರು ಕಾಗದದ ಲಕೋಟೆ ಹರಿದು ಹೊಸ ಸಿರಿಂಜು ಹೊರತೆಗೆದಾಗ ಅನ್ವರ್ ಅದನ್ನೇ ನೋಡಿದ.

"ಇದು ಯಾರ್ಗೂ ಹಾಕಿದ್ದಲ್ವಾ?"

"ಯಾರಿಗೂ ಇಲ್ಲ. ನಿಮಗಾದ ಮೇಲೆ ಮುರಿದು ಬಿಸಾಡ್ತೀನಿ."

"ಅಷ್ಟು ಚಲೋದನ್ನ?" ಎಂದ ಅವನು. ನಾವು ಮೂವರೂ ನಕ್ಕೆವು. ಅಷ್ಟು ದಿನಗಳಲ್ಲಿ ನಾನು ನಕ್ಕದ್ದು ಅದೇ ಮೊದಲು.

ತಂಗಿಯ ಆಪರೇಷನ್ ಸುಖವಾಗಿ ಆಯಿತು. ಉತ್ತರ ಬಂದ ದಿನ ನಾನೂ ಅವನ ಜೊತೆಗಿದ್ದೆ. ಅವನಲ್ಲಿಯೂ ರೋಗವಿತ್ತು. ವೈದ್ಯೆ ಮೆಲ್ಲಗೆ, ನಿಧಾನವಾಗಿ ಹೇಳಿದರು: ಅವನು ಚಿಕ್ಕವನು, ಯಕೃತ್ತು ಇನ್ನೂ ಬಲವಾಗಿದೆ, ಕಾಲವಿದೆ, ಸೂಜಿ ಬಿಡಲು ಆಸ್ಪತ್ರೆಯಿಂದ ಸಹಾಯ ಸಿಗುತ್ತದೆ. ಅನ್ವರ್ ತಲೆಯಾಡಿಸಿದ. ಹೊರಗೆ ಬಂದು ಬೆಂಚಿನ ಮೇಲೆ ನನ್ನ ಪಕ್ಕ ಕುಳಿತ. ನನ್ನಿಂದಲೇ ಹೋದದ್ದೇ, ಅಥವಾ ಅವನಿಂದ ನನಗೆ ಬಂದದ್ದೇ ಎಂಬ ಪ್ರಶ್ನೆ ನಮ್ಮಿಬ್ಬರ ನಡುವೆ ಇತ್ತು. ಅವನು ಅದನ್ನು ಕೇಳಲಿಲ್ಲ.

"ಕೊಟ್ಟಿದ್ರೆ ಅವಳ್ಗೂ ಹೋಗ್ತಿತ್ತು," ಎಂದ ಕೊನೆಗೆ.

"ಕೊಡಲಿಲ್ಲ."

"ಹೂಂ. ಕೊಡ್ಲಿಲ್ಲ." ಮುಖವನ್ನು ಅಂಗೈಯಿಂದ ಒರೆಸಿಕೊಂಡ.

ನನ್ನ ಭಯ ಹೋಗಿದೆಯೇ ಎಂದು ಕೇಳುವವರಿದ್ದಾರೆ. ಹೋಗಿಲ್ಲ. ಪ್ರತಿ ಸಲ ಶಿವಮೊಗ್ಗದ ಬಸ್ಸಿಗೆ ಹೊರಡುವ ಮೊದಲು ಕೆಳರೆಪ್ಪೆ ಎಳೆದು ಕಣ್ಣು ನೋಡಿಕೊಳ್ಳುತ್ತೇನೆ. ಈ ಸಲ ಏನು ಹೇಳುವರೋ ಎಂದು ದಾರಿಯುದ್ದಕ್ಕೂ ಯೋಚಿಸುತ್ತೇನೆ. ಕೆಲವು ಊರುಗಳಿಂದ ಪುರಾಣದ ಕರೆ ನಿಂತಿತು. ಕೆಲವು ಊರುಗಳಿಂದ ಇನ್ನೂ ಬರುತ್ತದೆ. ಕರೆದಲ್ಲಿಗೆ ಹೋಗುತ್ತೇನೆ, ಕುಳಿತುಕೊಂಡು ಹೇಳುತ್ತೇನೆ, ದಣಿದಾಗ ನಿಲ್ಲಿಸುತ್ತೇನೆ. ಮಲ್ಲಿಕಾರ್ಜುನನು ಇಷ್ಟು ಕೊಟ್ಟಿದ್ದಾನೆ.

ಅನ್ವರನ ಫಲಿತಾಂಶ ಬಂದ ಆ ದಿನ ನಾನು ಶಿಕಾರಿಪುರದಲ್ಲಿ ಇಳಿಯಬೇಕಾಗಿತ್ತು. ಅವನನ್ನು ಒಬ್ಬನನ್ನೇ ಬಿಡಲು ಮನಸ್ಸಾಗದೆ ಸೊರಬದವರೆಗೂ ಜೊತೆಗೆ ಹೋದೆ. ಸಂಜೆಯಾಗಿತ್ತು. ಬಸ್ಸಿನಿಂದ ಇಳಿದವನು ಮನೆಯ ಕಡೆ ನಡೆಯಲಿಲ್ಲ. ಹಾಲೇಶನ ಬೀದಿಗೆ ತಿರುಗಿದ. ನಾನು ಹಿಂದೆ ಹೋದೆ. ಲಾರಿಯ ಪಕ್ಕದಲ್ಲಿ ಹಾಲೇಶ ಬಕೆಟ್ಟಿನ ನೀರನ್ನು ಚೊಂಬಿನಿಂದ ಸುರಿದುಕೊಂಡು ಕೈಕಾಲು ತೊಳೆಯುತ್ತಿದ್ದ. ಅವನ ಹೆಂಡತಿ ಬಾಗಿಲಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದಳು.

"ಏನೋ, ಇಬ್ರೂ ಒಟ್ಟಿಗೆ? ಸಾಬ್ರೂ ಪುರಾಣ ಹೇಳಾಕ್ ಶುರು ಮಾಡಿದ್ರೇನು?" ಎಂದ ಹಾಲೇಶ.

"ಹೂಂ, ಶುರು ಮಾಡೀನಿ," ಎಂದ ಅನ್ವರ್. "ಅಯ್ನೋರು ಹೇಳಿದ್ರೆ ನೀನು ಕೇಳ್ಲಿಲ್ಲ. ನನ್ ಮಾತು ಕೇಳು. ಪರೀಕ್ಷೆ ಮಾಡಿಸ್ದೆ. ನಂಗೂ ಐತೆ."

ಹಾಲೇಶ ಚೊಂಬನ್ನು ಕೆಳಗಿಟ್ಟು ಹತ್ತಿರ ಬಂದ. ಅನ್ವರನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಅವನ ಎರಡೂ ಕಣ್ಣುಗಳನ್ನು ಒಂದಾದ ಮೇಲೊಂದು ನೋಡಿದ.

"ಕಣ್ಣು ಬೆಳ್ಳಗೇ ಐತಲ್ಲೋ ನಿಂದು."

"ನಿಂದೂ ಬೆಳ್ಳಗೇ ಐತೆ," ಎಂದ ಅನ್ವರ್. "ಅದಕ್ಕೇ ಬಂದೆ."

ಹಾಲೇಶನ ಕೈ ಮೆಲ್ಲಗೆ ಕೆಳಗಿಳಿಯಿತು. ಅವನ ಹೆಂಡತಿ ಮೊರವನ್ನು ಪಕ್ಕಕ್ಕಿಟ್ಟು ಎದ್ದು ನಿಂತು, ಶಿವಮೊಗ್ಗಕ್ಕೆ ಬೆಳಗಿನ ಮೊದಲ ಬಸ್ಸು ಎಷ್ಟೊತ್ತಿಗೆಂದು ನನ್ನನ್ನು ಕೇಳಿದಳು.